ಪಿಕ್ಸೆಲ್ ಫೋನಿಗೆ ಗ್ರಾಫೀನ್‌ಓಎಸ್ ಹಾಕಿದ ಇಪ್ಪತ್ತಾರು ದಿನ

ಮೊನ್ನೆ ಭಾನುವಾರ ರಾತ್ರಿ ಹಳೆ ಫೋನಿನ ಕೊನೆಯ ಫೋಟೋಗಳನ್ನು ಹೊಸದಕ್ಕೆ ಹಾಕಿ ಮುಗಿಸಿದೆ. ಹೊಸದು ಅಂದರೆ ಡಬ್ಬಿ ಒಡೆದು ತೆಗೆದ ಫೋನಲ್ಲ. ಗೂಗಲ್ ಕಂಪನಿಯ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 7ಎ. ಅದರಲ್ಲಿ ಕಂಪನಿ ಹಾಕಿ ಕೊಟ್ಟ ಆಂಡ್ರಾಯ್ಡ್ ಈಗ ಇಲ್ಲ, ಗ್ರಾಫೀನ್‌ಓಎಸ್ ಇದೆ. ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ. ಇದು ಆಂಡ್ರಾಯ್ಡ್‌ನಿಂದಲೇ ಮಾಡಿದ, ಗೂಗಲ್‌ನ ಆ್ಯಪ್‌ಗಳಿಲ್ಲದ ಓಎಸ್. ಶುರು ಮಾಡಿದ ದಿನದಿಂದ ಇಪ್ಪತ್ತಾರು ದಿನ ಹಿಡಿಯಿತು. ನಿಜವಾದ ಕೆಲಸ ಒಂದು ಗಂಟೆಯದ್ದು. ಉಳಿದದ್ದೆಲ್ಲ ಫೋನ್ ಹುಡುಕುವುದು, ಕೇಬಲ್ ಹುಡುಕುವುದು, ಬ್ಯಾಂಕಿನ ಆ್ಯಪ್ ಜೊತೆ ಗುದ್ದಾಡುವುದು. ಆ ದಿನಗಳು ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ಓದಿದವಳಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಮನೆ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ನನ್ನಿಂದ ಆಗಿದ್ದು ನಿಮ್ಮಿಂದಲೂ ಆಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಒಂದು ಸಾಲದ ಆ್ಯಪ್. ನಮ್ಮ ಕಾಕಾನ ಮಗ ಅದರಲ್ಲಿ ಎಂಟು ಸಾವಿರ ರೂಪಾಯಿ ತೆಗೆದಿದ್ದ. ಕಂತು ಹತ್ತು ದಿನ ತಡವಾಯಿತು. ಅವನ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಆ ಆ್ಯಪ್ ಮೊದಲೇ ಎತ್ತಿಟ್ಟುಕೊಂಡಿತ್ತು. ಒಂದು ಬೆಳಿಗ್ಗೆ ನಮ್ಮ ಅವ್ವನಿಗೆ ಫೋನ್ ಬಂತು. ಯಾರೋ ಹಿಂದಿಯಲ್ಲಿ ಬಾಯಿಗೆ ಬಂದಂತೆ ಬೈದರು. ಅವ್ವನಿಗೆ ಹಿಂದಿ ಬರುವುದಿಲ್ಲ. ದನಿ ಕೇಳಿಯೇ ಅವಳಿಗೆ ಕೈ ನಡುಗಿತು. "ಯಾರವ್ವಾ ಇವ್ರು? ನನ್ನ ನಂಬರ ಇವ್ರಿಗೆ ಯಾರ ಕೊಟ್ರು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಯಾವ ಆ್ಯಪನ್ನೂ ಹಾಕಿಕೊಂಡವಳಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟವಳಲ್ಲ. ಅವಳ ನಂಬರು ಹೋಗಿದ್ದು ಇನ್ನೊಬ್ಬರ ಫೋನಿನಿಂದ.

ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ನಿಮ್ಮ ಮನೆಯಲ್ಲೂ ಹೀಗಾದರೆ ಸುಮ್ನೆ ಕೂರಬೇಡಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿ.

ಆ ರಾತ್ರಿ ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ಪಟ್ಟಿ ತೆರೆದೆ. ನೀವೂ ಒಮ್ಮೆ ತೆರೆದು ನೋಡಿ. ಪಂಚಾಂಗದ ಆ್ಯಪ್‌ಗೆ ನನ್ನ ಲೊಕೇಶನ್ ಸಿಗುತ್ತಿತ್ತು. ಟಾರ್ಚ್ ಆ್ಯಪ್‌ಗೆ ಸಂಪರ್ಕ ಪಟ್ಟಿ ಸಿಗುತ್ತಿತ್ತು. ಇವನ್ನು ತೆಗೆದು ಹಾಕಿದೆ. ಆದರೆ ಫೋನಿನ ಜೊತೆಗೇ ಬಂದ ಏಳೆಂಟು ಆ್ಯಪ್ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ದುಡ್ಡು ಕೊಟ್ಟು ತಂದ ನನ್ನದೇ ಫೋನು. ಅದರೊಳಗೆ ಯಾರು ಇರಬೇಕು ಅಂತ ಹೇಳುವ ಅಧಿಕಾರ ನನಗಿಲ್ಲ. ಅವತ್ತು ನಿದ್ದೆ ಬರಲಿಲ್ಲ.

ಮರುದಿನದಿಂದ ಓದಲು ಶುರು ಮಾಡಿದೆ. ಆಂಡ್ರಾಯ್ಡ್‌ನ ಮೂಲ ಕೋಡ್ ಬಹಿರಂಗವಾಗಿಯೇ ಇದೆ. ಅದನ್ನು ತೆಗೆದುಕೊಂಡು ಗೂಗಲ್‌ನ ಆ್ಯಪ್‌ಗಳಿಲ್ಲದ ಓಎಸ್ ಮಾಡುವ ಗುಂಪುಗಳು ಬೇಕಾದಷ್ಟಿವೆ. ತುಂಬ ಜನಕ್ಕೆ ಗೊತ್ತಿರುವುದು ಲೀನಿಯೇಜ್‌ಓಎಸ್. 2016ರ ಕೊನೆಗೆ ಸೈಯನೋಜನ್‌ಮಾಡ್ ಅನ್ನುವ ಹಳೆ ಓಎಸ್ ನಿಂತಾಗ ಅದರಿಂದಲೇ ಹುಟ್ಟಿದ್ದು. ಮಾಂಡ್ರೇಕ್ ಲಿನಕ್ಸ್ ಅನ್ನುವ ಕಂಪ್ಯೂಟರ್ ಓಎಸ್ ಶುರು ಮಾಡಿದ ಗೇಲ್ ಡುವಾಲ್ ಅವರ ಗುಂಪಿನದು ಇ-ಓಎಸ್. ಆಂಡ್ರಾಯ್ಡೇ ಬೇಡ ಅನ್ನುವವರಿಗೆ ಉಬುಂಟು ಟಚ್ ಇದೆ. ಕೆನಾನಿಕಲ್ ಕಂಪನಿ 2017ರಲ್ಲಿ ಅದನ್ನು ಕೈಬಿಟ್ಟ ಮೇಲೆ ಯುಬಿಪೋರ್ಟ್ಸ್ ಅನ್ನುವ ಸಮುದಾಯ ನಡೆಸುತ್ತಿದೆ. ನಮ್ಮ ದೇಶದ್ದೇ ಒಂದು ಇರಲಿ ಅಂತ ಭರೋಸ್ ಬಗ್ಗೆಯೂ ಓದಿದೆ. ಮದ್ರಾಸ್ ಐಐಟಿಯಲ್ಲಿ ಬೆಳೆದ ಕಂಪನಿಯೊಂದು 2023ರ ಜನವರಿಯಲ್ಲಿ ಅದನ್ನು ತೋರಿಸಿತು. ಆದರೆ ನನ್ನಂಥವರು ಇಳಿಸಿಕೊಂಡು ಹಾಕಿಕೊಳ್ಳುವ ದಾರಿ ನನಗೆ ಸಿಗಲಿಲ್ಲ.

ಮೊದಲು ನನ್ನ ಹಳೆ ಫೋನಿಗೇ ಲೀನಿಯೇಜ್ ಹಾಕೋಣ ಅಂತ ಹೊರಟೆ. ಇಲ್ಲಿ ಒಂದು ವಾರ ಹೋಯಿತು. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವ ಸಣ್ಣ ಪ್ರೋಗ್ರಾಂಗೆ ಬೂಟ್‌ಲೋಡರ್ ಅನ್ನುತ್ತಾರೆ. ಅದಕ್ಕೆ ಕಂಪನಿ ಬೀಗ ಹಾಕಿರುತ್ತದೆ. ಆ ಬೀಗ ತೆಗೆಯದೆ ಬೇರೆ ಓಎಸ್ ಒಳಗೆ ಹೋಗುವುದಿಲ್ಲ. ನನ್ನ ಫೋನಿನ ಕಂಪನಿ ಅರ್ಜಿ ಹಾಕು ಅಂದಿತು, ಏಳು ದಿನ ಕಾಯಿಸಿತು, ಆಮೇಲೆ ಆಗುವುದಿಲ್ಲ ಅಂದಿತು. ಲೀನಿಯೇಜ್‌ನ ಪಟ್ಟಿಯಲ್ಲಿ ನನ್ನ ಮಾಡೆಲ್ ಇಲ್ಲವೇ ಇಲ್ಲ ಅನ್ನುವುದನ್ನು ನಾನು ನೋಡಿದ್ದು ಏಳನೇ ದಿನ. ನೀವು ಮೊದಲ ದಿನವೇ ಆ ಪಟ್ಟಿ ನೋಡಿ. ಮಾಡೆಲ್ ಹೆಸರು ಅಕ್ಷರಕ್ಕೆ ಅಕ್ಷರ ಸರಿಹೋಗಬೇಕು. ಹೆಸರಿನ ಹಿಂದೆ ಮುಂದೆ ಒಂದು 'ಪ್ರೊ' ಬಂದರೂ ಅದು ಬೇರೆ ಫೋನು.

ಕೊನೆಗೆ ಗ್ರಾಫೀನ್‌ಓಎಸ್ ಅಂತ ತೀರ್ಮಾನ ಮಾಡಿದೆ. ಅದು ನಡೆಯುವುದು ಗೂಗಲ್‌ನವರ ಪಿಕ್ಸೆಲ್ ಫೋನುಗಳಲ್ಲಿ ಮಾತ್ರ. ಗೂಗಲ್‌ನಿಂದ ದೂರ ಹೋಗಲು ಗೂಗಲ್ ಫೋನನ್ನೇ ಕೊಳ್ಳಬೇಕಾ ಅಂತ ಎರಡು ದಿನ ಮನಸ್ಸು ಒಪ್ಪಲಿಲ್ಲ. ಕಾರಣ ತಿಳಿದ ಮೇಲೆ ಒಪ್ಪಿತು. ಪಿಕ್ಸೆಲ್‌ನಲ್ಲಿ ಬೀಗ ತೆಗೆದು, ಬೇರೆ ಓಎಸ್ ಹಾಕಿ, ಮತ್ತೆ ಬೀಗ ಹಾಕಬಹುದು. ಆಮೇಲೆ ಯಾರಾದರೂ ಓಎಸ್ ತಿದ್ದಿದರೆ ಫೋನ್ ಆನ್ ಆಗುವಾಗಲೇ ಗೊತ್ತಾಗುತ್ತದೆ. ಬಹಳಷ್ಟು ಬೇರೆ ಫೋನುಗಳಲ್ಲಿ ಬೀಗ ಒಮ್ಮೆ ತೆಗೆದರೆ ತೆಗೆದೇ ಇರಬೇಕು. ಬಾಗಿಲು ತೆರೆದಿಟ್ಟು ಮಲಗಿದ ಹಾಗೆ.

ಎಷ್ಟು ವರ್ಷ ಬಾಳುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಪಿಕ್ಸೆಲ್ 6ಎಗೆ ಸೆಕ್ಯುರಿಟಿ ಅಪ್‌ಡೇಟ್ 2027ರ ಜುಲೈವರೆಗೆ, 7ಎಗೆ 2028ರ ಮೇವರೆಗೆ ಬರುತ್ತದೆ. 8ರ ಸರಣಿಯಿಂದ ಮುಂದಿನವುಗಳಿಗೆ ಏಳು ವರ್ಷ. ಕೈಯಲ್ಲಿ ದುಡ್ಡಿದ್ದರೆ 8ಎ ತೆಗೆದುಕೊಳ್ಳಿ. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಸಾವಿರ.

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಸುತ್ತ ಹಳೆ ಫೋನ್ ಮಾರುವ ಅಂಗಡಿಗಳಿವೆ. ಒಂದು ಕಡೆ 7ಎ ಇತ್ತು. ಹದಿನೇಳು ಸಾವಿರ. ಗೀರು ಇರಲಿಲ್ಲ, ಕ್ಯಾಮೆರಾ ಚೆನ್ನಾಗಿತ್ತು. ಖುಷಿಯಿಂದ ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದೆ. ಡೆವಲಪರ್ ಆಪ್ಷನ್ಸ್ ತೆರೆಯಿತು. ಅದರಲ್ಲಿ ಬೂಟ್‌ಲೋಡರ್‌ನ ಬೀಗ ತೆಗೆಯಲು ಬಿಡುವ 'ಓಇಎಂ ಅನ್‌ಲಾಕಿಂಗ್' ಅನ್ನುವ ಗುಂಡಿ ಮಾಸಲು ಬಣ್ಣದಲ್ಲಿತ್ತು. ಒತ್ತಿದರೆ ಮಿಸುಕಲಿಲ್ಲ. ವೈಫೈ ಹಾಕಿ ನೋಡಿದೆ, ರೀಸೆಟ್ ಮಾಡಿ ನೋಡಿದೆ. ಅದು ಅಮೆರಿಕದಿಂದ ಬಂದ ಪೀಸು. ಅಲ್ಲಿನ ಕೆಲವು ಮೊಬೈಲ್ ಕಂಪನಿಗಳು ತಾವು ಮಾರಿದ ಫೋನಿನಲ್ಲಿ ಆ ಗುಂಡಿಯನ್ನೇ ಮುಚ್ಚಿರುತ್ತವೆ. ಅದನ್ನು ತೆರೆಯುವ ಉಪಾಯ ನಮ್ಮ ಕೈಯಲ್ಲಿಲ್ಲ.

ಮರುದಿನ ವಾಪಸ್ ಒಯ್ದೆ. ಅಂಗಡಿಯವರು, "ಫೋನ್ ಚಲೋ ನಡೀತೈತಲ್ರಿ ಮೇಡಂ, ಮತ್ತೇನ್ ಬೇಕ್ರಿ ನಿಮಗ?" ಅಂದರು. ಅವರದೂ ತಪ್ಪಿಲ್ಲ, ಇಂಥ ಗುಂಡಿ ಕೇಳಿಕೊಂಡು ಬಂದವರು ಅವರಿಗೆ ಸಿಕ್ಕಿರಲಿಲ್ಲ. ಅರ್ಧ ಗಂಟೆ ಮಾತಾಡಿದ ಮೇಲೆ ಐನೂರು ರೂಪಾಯಿ ಮುರಿದುಕೊಂಡು ಉಳಿದದ್ದು ಕೊಟ್ಟರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ದುರ್ಗದಬೈಲಿಗೆ ಹೋಗಿ ಒಂದು ಪ್ಲೇಟ್ ಗಿರ್ಮಿಟ್ ತಿಂದು ಮನೆಗೆ ಬಂದೆ.

ಎರಡನೇ ಫೋನು ಸಿಗಲು ಒಂಬತ್ತು ದಿನ ಕಾಯಬೇಕಾಯಿತು. ಈ ಸಲ ಅಂಗಡಿಯಲ್ಲೇ ನಿಂತು ಎಲ್ಲ ನೋಡಿದೆ. ನೀವೂ ದುಡ್ಡು ಕೊಡುವ ಮೊದಲೇ ನೋಡಿ. ನಿಮ್ಮ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಕೊಟ್ಟು ಓಇಎಂ ಗುಂಡಿ ಆನ್ ಆಗುತ್ತದಾ ನೋಡಿ. ಹಳೆ ಮಾಲೀಕರ ಗೂಗಲ್ ಖಾತೆ ತೆಗೆದಿದ್ದಾರಾ ಕೇಳಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರು, ಬರುತ್ತದೆ. ಕೆವೈಎಂ ಅಂತ ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರು ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕದ್ದ ಮಾಲು ಅಂತ ತಡೆಹಿಡಿದಿದ್ದರೆ ಅದರಲ್ಲಿ ತಿಳಿಯುತ್ತದೆ. 7ಎ ಆದರೆ ಹಿಂಬದಿ ಉಬ್ಬಿದೆಯಾ ಅಂತ ಬೆರಳಾಡಿಸಿ ನೋಡಿ. ಆ ಮಾಡೆಲ್‌ನ ಕೆಲವು ಫೋನುಗಳಲ್ಲಿ ಬ್ಯಾಟರಿ ಉಬ್ಬುವ ತೊಂದರೆಗಾಗಿ ಗೂಗಲ್ 2025ರಲ್ಲಿ ರಿಪೇರಿ ಯೋಜನೆಯನ್ನೇ ತರಬೇಕಾಯಿತು. ಬಿಲ್ ಇಲ್ಲದೆ ಫೋನ್ ತೆಗೆದುಕೊಳ್ಳಲೇಬೇಡಿ. ಇದಕ್ಕೆ ಹದಿನೆಂಟೂವರೆ ಸಾವಿರ ಕೊಟ್ಟೆ.

ಓಎಸ್ ಹಾಕಲು ಶನಿವಾರ ರಾತ್ರಿ ಇಟ್ಟುಕೊಂಡೆ. ವಿದ್ಯಾನಗರದ ಕಾಲೇಜಿನಲ್ಲಿ ಓದುವ ಅಕ್ಕನ ಮಗ ಲ್ಯಾಪ್‌ಟಾಪ್ ತಂದಿದ್ದ. ಅದರಲ್ಲಿ ವಿಂಡೋಸ್ ಬದಲು ಉಬುಂಟು ಇತ್ತು. ಗ್ರಾಫೀನ್‌ಓಎಸ್‌ನವರ ವೆಬ್ ಇನ್‌ಸ್ಟಾಲರ್ ನಿಜಕ್ಕೂ ಸುಲಭ. ಬ್ರೌಸರ್‌ನಲ್ಲೇ ಒಂದೊಂದು ಗುಂಡಿ ಒತ್ತುತ್ತಾ ಹೋದರಾಯಿತು. ಕ್ರೋಮಿಯಂ ಜಾತಿಯ (ಕ್ರೋಮ್, ಬ್ರೇವ್‌ನಂಥ) ಬ್ರೌಸರ್ ಬೇಕು, ಫೈರ್‌ಫಾಕ್ಸ್‌ನಲ್ಲಿ ಆಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ 32 ಜಿಬಿ ಜಾಗ ಖಾಲಿ ಇರಬೇಕು.

ಪವರ್ ಗುಂಡಿಯನ್ನೂ ವಾಲ್ಯೂಮ್ ಇಳಿಸುವ ಗುಂಡಿಯನ್ನೂ ಒಟ್ಟಿಗೆ ಹಿಡಿದೆ. ಫೋನ್ ಬೂಟ್‌ಲೋಡರ್‌ನ ಫಾಸ್ಟ್‌ಬೂಟ್ ಪರದೆಗೆ ಹೋಯಿತು. ಬ್ರೌಸರ್‌ನಲ್ಲಿ ಅನ್‌ಲಾಕ್ ಒತ್ತಿದರೆ ಫೋನೇ ಕಾಣಿಸಲಿಲ್ಲ. ಮೊದಲು ಕೇಬಲ್ ಮೇಲೆ ಅನುಮಾನ ಬಂತು. ಅದು ಬರೀ ಚಾರ್ಜ್ ಆಗುವ ಕೇಬಲ್, ಡೇಟಾ ಹೋಗುತ್ತಿರಲಿಲ್ಲ. ಸುಭಾಸ್ ರಸ್ತೆಯಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ನಾನೂರೈವತ್ತು ಕೊಟ್ಟು ಒಳ್ಳೆಯದು ತಂದೆ. ಆಗಲೂ ಕಾಣಿಸಲಿಲ್ಲ. ಹುಡುಗ ಮತ್ತೊಮ್ಮೆ ಸೂಚನೆಗಳನ್ನು ಮೊದಲಿನಿಂದ ಓದಿದ. "ಚಿಗವ್ವಾ, ಇಲ್ಲೇ ಬರದಾರ ನೋಡು, ಸ್ನ್ಯಾಪ್‌ನಿಂದ ಹಾಕಿದ ಬ್ರೌಸರ್ ಬ್ಯಾಡ ಅಂತ" ಅಂದ. ಉಬುಂಟುವಿನಲ್ಲಿ ಕ್ರೋಮಿಯಂ ಬರುವುದೇ ಸ್ನ್ಯಾಪ್ ಪ್ಯಾಕೇಜಾಗಿ, ಅಂದರೆ ಉಳಿದದ್ದರಿಂದ ಬೇರ್ಪಡಿಸಿ ಕಟ್ಟಿದ ಪೊಟ್ಟಣವಾಗಿ. ಅದಕ್ಕೆ ಯುಎಸ್‌ಬಿ ಸರಿಯಾಗಿ ಸಿಗುವುದಿಲ್ಲ. ಬ್ರೇವ್ ಬ್ರೌಸರನ್ನು ಅದನ್ನು ಮಾಡಿದವರದೇ ಸ್ವಂತ ಭಂಡಾರದಿಂದ (ರೆಪೊ) ಹಾಕಿದ. ಯುಎಸ್‌ಬಿಯಲ್ಲಿ ಫೋನ್ ಮುಟ್ಟಲು ಅನುಮತಿ ಕೊಡುವ ಯುಡೆವ್ ನಿಯಮಗಳ ಪ್ಯಾಕೇಜ್ ಹಾಕಿದ, ನಡುವೆ ಅಡ್ಡ ಬರುವ ಎಫ್‌ಡಬ್ಲ್ಯುಯುಪಿಡಿ ಅನ್ನುವ ಸೇವೆ ನಿಲ್ಲಿಸಿದ. ಇವೆರಡೂ ಅದೇ ಸೂಚನೆಯಲ್ಲಿವೆ. ವಿಂಡೋಸ್ ಇರುವವರು ಅಪ್‌ಡೇಟ್‌ನ ಐಚ್ಛಿಕ ಪಟ್ಟಿಯಲ್ಲಿ ಆಂಡ್ರಾಯ್ಡ್ ಬೂಟ್‌ಲೋಡರ್ ಡ್ರೈವರ್ ಹುಡುಕಿ ಹಾಕಿಕೊಳ್ಳಬೇಕು. ಈ ಸಲ ಫೋನ್ ಕಾಣಿಸಿತು. ರಾತ್ರಿ ಹತ್ತೂವರೆ.

ಅನ್‌ಲಾಕ್ ಮಾಡಿದೆವು. ಇದರಿಂದ ಫೋನಿನಲ್ಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ನೆನಪಿರಲಿ. ಓಎಸ್ ಇಳಿಯತೊಡಗಿತು. ಅರ್ಧ ಇಳಿದಿತ್ತು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಆದರೆ ವೈಫೈ ರೂಟರ್ ಆರಿತು. ಫೋನಿಗೆ ಬರೆಯುವ ಹಂತ ಇನ್ನೂ ಬಂದಿರಲಿಲ್ಲ, ಅದೊಂದು ಪುಣ್ಯ. ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತೆವು. ಅವ್ವ ದೀಪ ಹಚ್ಚಿ ತಂದಳು. ಕರೆಂಟ್ ಬಂದ ಮೇಲೆ ಮತ್ತೆ ಇಳಿಸಿ, ಫ್ಲ್ಯಾಶ್ ಮಾಡಿ (ಅಂದರೆ ಫೋನಿಗೆ ಬರೆದು), ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಿದೆವು. ಫ್ಲ್ಯಾಶ್ ಆಗುವಾಗ ಫೋನ್ ತಾನಾಗಿಯೇ ಎರಡು ಮೂರು ಸಲ ರೀಬೂಟ್ ಆಗುತ್ತದೆ. ಗಾಬರಿಯಾಗಿ ಕೇಬಲ್ ಕೀಳಬೇಡಿ. ಬೀಗ ಹಾಕುವ ಕೊನೆಯ ಹಂತವನ್ನು ಬಿಡಲೇಬೇಡಿ. ಅದಿಲ್ಲದೆ ಇಷ್ಟು ಕಷ್ಟಪಟ್ಟಿದ್ದಕ್ಕೆ ಅರ್ಥವಿಲ್ಲ.

ಫೋನ್ ಎದ್ದಾಗ ಹಳದಿ ಎಚ್ಚರಿಕೆಯ ಪರದೆ ಬಂತು. ಬೇರೆ ಓಎಸ್ ಇದೆ ಅಂತ ಅದು ಹೇಳುತ್ತದೆ. ಇನ್ನು ಪ್ರತಿಸಲವೂ ಬರುತ್ತದೆ. ಒಳಗಿರುವುದು ಅಸಲಿ ಓಎಸ್ಸೇ ಅಂತ ತಿಳಿಯಲು ಅದರಲ್ಲಿ ಕಾಣುವ ಅಕ್ಷರಗಳನ್ನು ಗ್ರಾಫೀನ್‌ಓಎಸ್‌ನವರು ಪ್ರಕಟಿಸಿದ ಅಕ್ಷರಗಳ ಜೊತೆ ಒಂದೊಂದಾಗಿ ತಾಳೆ ನೋಡಿದೆವು. ಹುಡುಗ ಓದಿದ, ನಾನು ಬೆರಳಿಟ್ಟು ಹಿಂಬಾಲಿಸಿದೆ. ಸರಿಹೋಯಿತು. ಹನ್ನೆರಡೂ ಕಾಲಿಗೆ ಒಂದು ಕಪ್ಪು ಪರದೆ, ನಾಲ್ಕೈದು ಆ್ಯಪ್. ಜಾಹೀರಾತು ಇಲ್ಲ, ಖಾತೆ ತೆರೆ ಅಂತ ಕೇಳುವವರಿಲ್ಲ. ಹೊಸ ಮನೆಗೆ ಹೋಗಿ ಸಾಮಾನು ಇಡುವ ಮೊದಲು ನಿಂತಾಗ ಹೇಗಿರುತ್ತದೆಯೋ ಹಾಗಿತ್ತು.

ಕರೆ, ಎಸ್‌ಎಂಎಸ್, ನೆಟ್ ಎಲ್ಲ ಮೊದಲ ದಿನದಿಂದಲೇ ನಡೆದವು. ಯಾವುದೇ ಆ್ಯಪ್ ಹಾಕುವಾಗ ಅದಕ್ಕೆ ಇಂಟರ್ನೆಟ್ ಕೊಡಬೇಕಾ ಅಂತಲೂ ಈ ಓಎಸ್ ಕೇಳುತ್ತದೆ. ಪಂಚಾಂಗಕ್ಕೆ ನೆಟ್ ಕೊಡಲಿಲ್ಲ, ತಿಥಿ ನಕ್ಷತ್ರ ಸರಿಯಾಗೇ ತೋರಿಸುತ್ತದೆ. ವಾಟ್ಸ್ಆ್ಯಪ್ ಬಿಡಲು ನನಗೆ ಆಗುವುದಿಲ್ಲ, ಅಂಗಡಿಯ ದರಪಟ್ಟಿ ಬರುವುದೇ ಅದರಲ್ಲಿ. ಆದರೆ 'ಕಾಂಟ್ಯಾಕ್ಟ್ ಸ್ಕೋಪ್ಸ್' ಅನ್ನುವ ಸೌಲಭ್ಯದಿಂದ ಅದಕ್ಕೆ ನಾನು ಆರಿಸಿದ ಹದಿನಾಲ್ಕು ನಂಬರು ಮಾತ್ರ ಕಾಣುತ್ತವೆ. ಅವ್ವನ ನಂಬರು ಅದರಲ್ಲಿಲ್ಲ. ಇದನ್ನು ಮಾಡಿ ಮುಗಿಸಿದಾಗ ಮನಸ್ಸಿಗೆ ಎಷ್ಟು ಹಗುರವಾಯಿತು ಅಂದರೆ, ಇಡೀ ಖರ್ಚು ಇದೊಂದಕ್ಕೇ ಆಗಿದ್ದರೂ ಬೇಸರವಿಲ್ಲ.

ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಅಂಗಡಿಯಿಂದ ಬೇಕಾದ ಮುಕ್ತ (ಕೋಡ್ ಬಹಿರಂಗವಾಗಿರುವ) ಆ್ಯಪ್‌ಗಳು ಸಿಗುತ್ತವೆ. ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಮುಖ್ಯ ರಸ್ತೆಗಳು ಸರಿ ಇವೆ, ನಮ್ಮ ಓಣಿಯ ಹೆಸರು ಇರಲಿಲ್ಲ. ಅದು ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯಾದ್ದರಿಂದ ಹೆಸರನ್ನು ನಾನೇ ಸೇರಿಸಿದೆ. ಕನ್ನಡ ಟೈಪಿಂಗ್‌ಗೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರ ಇಂಡಿಕ್ ಕೀಬೋರ್ಡ್ ಚೆನ್ನಾಗಿದೆ. ಮಾತಾಡಿ ಟೈಪ್ ಮಾಡುವ ಸೌಲಭ್ಯ ಮಾತ್ರ ಹೋಯಿತು. ಮೆನುಗಳು ಕನ್ನಡದಲ್ಲಿ ಬರುತ್ತವೆ, ಆದರೆ ಗ್ರಾಫೀನ್‌ನವರು ಹೊಸದಾಗಿ ಸೇರಿಸಿದ ಸೆಟ್ಟಿಂಗ್‌ಗಳು ನನ್ನ ಫೋನಿನಲ್ಲಿ ಇಂಗ್ಲಿಷ್‌ನಲ್ಲೇ ಇವೆ. ಇನ್ನೊಂದು ವಿಷಯ. ಹದಿನೆಂಟು ಗಂಟೆ ಫೋನಿನ ಲಾಕ್ ತೆರೆಯದಿದ್ದರೆ ಅದು ತಾನೇ ರೀಬೂಟ್ ಆಗುತ್ತದೆ. ಒಂದು ದಿನ ಮನೆಯಲ್ಲೇ ಮರೆತು ಹೋಗಿದ್ದೆ. ಬಂದು ನೋಡಿದರೆ ಹೊಸದಾಗಿ ಆನ್ ಆಗಿ ಕೂತಿತ್ತು, ಕೆಟ್ಟಿತು ಅಂತ ಹೆದರಿದೆ. ಅದು ಕೆಟ್ಟದ್ದಲ್ಲ, ಕಳ್ಳರ ಕೈಗೆ ಸಿಕ್ಕರೆ ಒಳಗಿನದು ಸಿಗದಿರಲಿ ಅಂತ ಮಾಡಿದ್ದು.

ಇನ್ನು ದೊಡ್ಡ ಕಗ್ಗಂಟು, ಬ್ಯಾಂಕು. ನನಗೆ ಎರಡು ಬ್ಯಾಂಕಿನಲ್ಲಿ ಖಾತೆ ಇದೆ. ಅವುಗಳ ಆ್ಯಪ್‌ಗಳಿಗೆ ಗೂಗಲ್ ಪ್ಲೇ ಸೇವೆ ಬೇಕು. ಗ್ರಾಫೀನ್‌ನಲ್ಲಿ ಅದನ್ನು ಮಾಮೂಲಿ ಆ್ಯಪ್‌ನಂತೆ ಹಾಕಿಕೊಳ್ಳಬಹುದು, ಅದಕ್ಕೆ ಯಾವ ವಿಶೇಷ ಅಧಿಕಾರವೂ ಇರುವುದಿಲ್ಲ. ಅದನ್ನು ಪ್ರೈವೇಟ್ ಸ್ಪೇಸ್ ಅನ್ನುವ, ಫೋನಿನೊಳಗೇ ಬೀಗ ಹಾಕಿಡಬಹುದಾದ ಬೇರೆ ಭಾಗದಲ್ಲಿ ಇಟ್ಟೆ. ಒಂದು ಬ್ಯಾಂಕಿನ ಆ್ಯಪ್ ಮೊದಲು ತೆರೆದ ಕೂಡಲೇ ಮುಚ್ಚಿಹೋಯಿತು. ಆ್ಯಪ್ ಮಾಹಿತಿಯಲ್ಲಿ, ಆ ಒಂದು ಆ್ಯಪ್‌ಗೆ ಮಾತ್ರ ಕೆಲವು ಬಿಗಿ ಸಡಿಲಿಸುವ 'ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ' ಅನ್ನುವುದನ್ನು ಆನ್ ಮಾಡಿದ ಮೇಲೆ ನಡೆಯಿತು. ಇನ್ನೊಂದು ಬ್ಯಾಂಕಿನದು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಿಮ್ಮ ಫೋನ್ ಸುರಕ್ಷಿತವಲ್ಲ ಅಂತ ಹೇಳಿ ಮುಚ್ಚಿಕೊಳ್ಳುತ್ತದೆ. ವರ್ಷಗಳಿಂದ ಅಪ್‌ಡೇಟ್ ಕಾಣದ ನನ್ನ ಹಳೆ ಫೋನು ಅದಕ್ಕೆ ಸುರಕ್ಷಿತ, ತಿಂಗಳು ತಿಂಗಳು ಅಪ್‌ಡೇಟ್ ಬರುವ ಇದು ಅಲ್ಲ. ನನ್ನ ಸಂಬಳ ಬರುವುದು ಆ ಬ್ಯಾಂಕಿಗೇ. ನಾಲ್ಕು ದಿನ ಪ್ರಯತ್ನಿಸಿದೆ. ವಾಪಸ್ ಹಳೆ ಫೋನಿಗೇ ಹೋಗಿಬಿಡೋಣ ಅಂತ ಅನಿಸಿದ್ದು ಆಗಲೇ.

ಈಗಿನ ವ್ಯವಸ್ಥೆ ಹೇಳುತ್ತೇನೆ. ಹಳೆ ಫೋನನ್ನು ಪೂರ್ತಿ ರೀಸೆಟ್ ಮಾಡಿ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದರಲ್ಲೇ ಬಿಟ್ಟಿದ್ದೇನೆ. ಅದರಲ್ಲಿ ಆ ಬ್ಯಾಂಕು ಮತ್ತು ಯುಪಿಐ ಮಾತ್ರ. ಒಂದು ಫೋಟೋ ಇಲ್ಲ, ಒಂದು ನಂಬರಿಲ್ಲ. ಸಂತೆಗೆ ಹೋಗುವಾಗ ಎರಡೂ ಫೋನ್ ಒಯ್ಯಬೇಕು, ಅದು ಕಿರಿಕಿರಿಯೇ. ಡಯಲ್ ಮಾಡಿ ದುಡ್ಡು ಕಳಿಸುವ ಸ್ಟಾರ್ 99 ಹ್ಯಾಶ್ ಕೂಡ ಕಲಿತೆ. ನೆಟ್ ಬೇಡ, ಆ್ಯಪ್ ಬೇಡ, ಕನ್ನಡದಲ್ಲೂ ಇದೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ಆದರೆ ಕಾಯಿಪಲ್ಲೆ ಅಂಗಡಿಯ ಮುಂದೆ ಒಂದೊಂದು ಮೆನುವಿಗೂ ಕಾಯುತ್ತಾ ನಿಂತರೆ ಹಿಂದಿನವರು ಬೇಸರ ಮಾಡಿಕೊಳ್ಳುತ್ತಾರೆ. ಚಿಲ್ಲರೆ ನೋಟು ಇಟ್ಟುಕೊಳ್ಳುವುದು ಮತ್ತೆ ರೂಢಿಯಾಗಿದೆ. ಡಿಜಿಲಾಕರ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಆ್ಯಪ್ ಬೇಕಿಲ್ಲ. ನೀವು ಈ ದಾರಿ ಹಿಡಿಯುವುದಾದರೆ ಹೊಸ ಫೋನಿನಲ್ಲಿ ನಿಮ್ಮ ಬ್ಯಾಂಕು ನಡೆಯುವವರೆಗೆ ಹಳೆಯದನ್ನು ಮಾರಬೇಡಿ.

ಒಟ್ಟು ಖರ್ಚು 19,450 ರೂಪಾಯಿ, ಬಸ್ ಚಾರ್ಜು ಬಿಟ್ಟು. ಓಎಸ್‌ಗೆ ದುಡ್ಡಿಲ್ಲ. ಅದು ದೇಣಿಗೆಯಲ್ಲಿ ನಡೆಯುತ್ತದೆ, ಮುಂದಿನ ತಿಂಗಳು ಸ್ವಲ್ಪ ಕಳಿಸಬೇಕು.

ಒಂದು ಕೆಲಸ ಇನ್ನೂ ಬಾಕಿ ಇದೆ. ಬ್ಯಾಂಕಿನ ಆ್ಯಪ್ ಫೋನನ್ನು ಅಳೆಯಲು ಬಳಸುವ ಗೂಗಲ್‌ನ ಪರೀಕ್ಷೆಯೊಂದನ್ನೇ ನಂಬದೆ, ಆಂಡ್ರಾಯ್ಡ್‌ನಲ್ಲೇ ಇರುವ ಹಾರ್ಡ್‌ವೇರ್ ಪರೀಕ್ಷೆಯಿಂದ ಫೋನ್ ಸುರಕ್ಷಿತವಾ ಅಂತ ಬ್ಯಾಂಕುಗಳು ತಿಳಿಯಬಹುದು. ಅದನ್ನು ಹೇಗೆ ಮಾಡಬೇಕು ಅಂತ ಗ್ರಾಫೀನ್‌ನವರು ಆ್ಯಪ್ ಮಾಡುವವರಿಗಾಗಿ ಒಂದು ಕೈಪಿಡಿ ಪ್ರಕಟಿಸಿದ್ದಾರೆ. ಅದನ್ನು ಪ್ರಿಂಟ್ ತೆಗೆಸಿ, ಮುಂದೆ ಕನ್ನಡದಲ್ಲಿ ಎರಡು ಪುಟದ ಪತ್ರ ಬರೆದು ನಮ್ಮ ಶಾಖೆಗೆ ಒಯ್ದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದನ್ನೂ ಅದರಲ್ಲಿ ಬರೆದೆ. ಅವ್ವನಿಗೆ ಬಂದ ಕರೆಯ ಬಗ್ಗೆಯೂ ಬರೆದೆ. ಮ್ಯಾನೇಜರ್ ಸಾಹೇಬರು ಪೂರ್ತಿ ಓದಿದರು. "ಇದು ನಮ್ಮ ಕೈಯಾಗ ಇಲ್ರಿ, ಮ್ಯಾಲಿನವ್ರಿಗೆ ಕಳಸ್ತೀನಿ. ಹದಿನೈದು ದಿನ ಬಿಟ್ಟು ಬರ್ರಿ" ಅಂದರು. ಪತ್ರದ ಇನ್ನೊಂದು ಪ್ರತಿಯ ಮೇಲೆ ಶಿಕ್ಕಾ ಹಾಕಿಸಿ, ತಾರೀಕು ಬರೆಸಿಕೊಂಡು ಬಂದಿದ್ದೇನೆ. ನಿಮ್ಮ ಬ್ಯಾಂಕಿನ ಆ್ಯಪೂ ಹೀಗೆ ಮಾಡಿದರೆ ನೀವೂ ಒಂದು ಪತ್ರ ಕೊಡಿ, ಶಿಕ್ಕಾ ಹಾಕಿದ ಪ್ರತಿ ಇಟ್ಟುಕೊಳ್ಳಿ. ನನ್ನ ಹದಿನೈದನೇ ದಿನ ಬರುವ ಗುರುವಾರ.